ಕೆಜಿಗೆ ಇನ್ನೂರು ರೂಪಾಯಿ: ತೂಕ ಇಳಿಸೋ ಹುಡುಗನ ಕೇಸು

ಹೆಸರು, ಊರು, ಮನೆ ವಿವರ ಎಲ್ಲಾ ಬದಲಾಯ್ಸಿದೀನಿ, ಮನೆಯವರು ಬರೀರಿ ಪರ್ವಾಗಿಲ್ಲ ಅಂದ್ಮೇಲೇ ಬರೀತಿರೋದು.

ಹುಡುಗನ್ನ ಮನು ಅನ್ನೋಣ. 12 ವರ್ಷ, ದಕ್ಷಿಣ ಕೊಡಗಿನ ತೋಟದ ಮನೆ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪ ಆಗಿತ್ತು, ಅಜ್ಜಿ ಅದನ್ನ ಕೊಳೆ ಅಂದ್ಕೊಂಡು ಸ್ನಾನ ಮಾಡಿಸೋವಾಗೆಲ್ಲ ತಿಕ್ಕಿ ತಿಕ್ಕಿ ಕೆಂಪು ಮಾಡಿಟ್ಟಿದ್ರು. ಅದು ಕೊಳೆ ಅಲ್ಲ, ತೂಕ ಜಾಸ್ತಿ ಇರೋ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದಕ್ಕೆ ಸೂಚನೆ ಇರಬಹುದು, ಕಂಡ್ರೆ ಡಾಕ್ಟರ್‌ಗೆ ತೋರಿಸಿ. ಇವನಿಗೆ ಮಕ್ಕಳ ಡಾಕ್ಟರ್ ರಕ್ತ ಪರೀಕ್ಷೆ ಮಾಡ್ಸಿ, ತೂಕ ನಿರ್ವಹಣೆ ಪ್ರೋಗ್ರಾಂಗೆ ಸೇರಿಸಿದ್ರು, ವಾರಕ್ಕೊಂದು ಸಲ ಡಯಟಿಷಿಯನ್ ಜೊತೆ ಮಾತು, ಸ್ವಲ್ಪ ವ್ಯಾಯಾಮ. ಮೊದಮೊದಲು ಖುಷಿಯಿಂದ ಬಂದ, ಆಮೇಲೆ ಹೊಟ್ಟೆನೋವು, ನಾಳೆ ಟೆಸ್ಟು, ಜೋರು ಮಳೆ ಅಂತ ಒಂದೊಂದೇ ನೆಪ ಶುರುವಾಯ್ತು. ಆಗ ಕೌನ್ಸೆಲಿಂಗ್‌ಗೆ ಅಂತ ನನ್ ಹತ್ರ ಕಳ್ಸಿದ್ರು.

ಅಪ್ಪ ಬಂದು ಕೂತವರೇ, "ಮೇಡಂ, ನಾನು ಇವನಿಗೆ ಏನ್ ಕಮ್ಮಿ ಮಾಡಿದೀನಿ ಹೇಳಿ, ಒಂದು ಕೆಜಿ ಇಳಿಸಿದ್ರೆ 200 ರೂಪಾಯಿ, ಎಂಟು ಕೆಜಿ ಇಳಿಸಿದ್ರೆ ಗೇರ್ ಸೈಕಲ್ ಅಂದಿದೀನಿ, ಆದ್ರೂ ಇವನಿಗೆ ಬೇಡ್ವಂತೆ" ಅಂದ್ರು. ತೂಗೋದು ಎಲ್ಲಿ ಅಂತ ಕೇಳ್ದೆ. ಭಾನುವಾರ ಬೆಳಿಗ್ಗೆ ಗೋಡೌನಲ್ಲಿ, ಕಾಫಿ ಚೀಲ, ಕರಿಮೆಣಸು ತೂಗೋ ಸ್ಕೇಲ್ ಮೇಲೆ. ರೀಡಿಂಗ್ ಓದಿ ಹೇಳೋದು ತೋಟದ ಲೆಕ್ಕ ಬರೆಯೋ ರೈಟರ್, ಅದೂ ಕೆಲಸದವರೆಲ್ಲ ವಾರದ ಸಂಬಳಕ್ಕೆ ನಿಂತಿರೋವಾಗ!

ಮನು ಒಬ್ಬನೇ ಇದ್ದಾಗ ನಿಧಾನಕ್ಕೆ ಬಾಯಿಬಿಟ್ಟ. ಶನಿವಾರ ಸಂಜೆಯಿಂದ ನೀರು ಕುಡಿಯಲ್ಲ, ರಾತ್ರಿ ಊಟ ಬಿಡ್ತಾನೆ, ಭಾನುವಾರ ತೂಕ ಆದ್ಮೇಲೆ ಅಪ್ಪ ಕೊಟ್ಟ ದುಡ್ಡಲ್ಲೇ ಬಸ್‌ಸ್ಟಾಂಡ್ ಬೇಕರಿಗೆ ಹೋಗಿ ಪಫ್ಸ್ ತಿಂತಾನೆ. ಮೊದಲ ತಿಂಗಳು ಹೀಗೇ ನಡೀತು, ಎರಡನೇ ತಿಂಗಳು ಮುಳ್ಳು ಅಲುಗಲಿಲ್ಲ, ದುಡ್ಡೂ ಇಲ್ಲ ಬೈಗುಳ ಬೇರೆ, ಹಾಗಾಗಿ ಪ್ರೋಗ್ರಾಂಗೆ ಹೋಗಿ ಏನ್ ಪ್ರಯೋಜನ ಅಂತ ಅವನ ಲೆಕ್ಕ. ಲೆಕ್ಕ ತಪ್ಪೇನೂ ಅಲ್ಲ ಬಿಡಿ. ಬೆಳೆಯೋ ವಯಸ್ಸು, ಎತ್ತರ ಏರ್ತಾ ಇರೋವಾಗ ತೂಕ ಇದ್ದಲ್ಲೇ ನಿಂತ್ರೂ ಬಿಎಂಐ, ಅಂದ್ರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, ಇಳಿಯುತ್ತೆ, ಡಾಕ್ಟರ್ ಕೇಳಿದ್ದೂ ಅಷ್ಟನ್ನೇ. ಅಂದ್ರೆ ಹುಡುಗ ಪಾಸಾಗಿದ್ದ, ಮನೇಲಿ ಫೇಲ್ ಮಾಡಿದ್ರು.

ಅಪ್ಪನಿಗೆ ನಾನು ಹೇಳಿದ್ದು: ಇನಾಮು ಕೊಡಿ, ಬೇಡ ಅನ್ನಲ್ಲ, ಆದ್ರೆ ಅವನ ಕೈಲಿರೋ ಕೆಲಸಕ್ಕೆ ಕೊಡಿ, ಮುಳ್ಳಿಗಲ್ಲ. ಮಾಡಿದ್ದಕ್ಕೆಲ್ಲ ನೋಟ್‌ಬುಕ್ಕಲ್ಲಿ ಪಾಯಿಂಟ್ ಬರೀರಿ, ಪಾಯಿಂಟ್ ಸೇರಿದ್ರೆ ಇನಾಮು. ಎಲ್ಲಕ್ಕಿಂತ ಮೊದಲ ಪಾಯಿಂಟ್ ವಾರದ ಸೆಷನ್‌ಗೆ ಬಂದಿದ್ದಕ್ಕೇ, ತೂಕ ಏರಿರ್ಲಿ ಇಳಿದಿರ್ಲಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ 3ರಿಂದ 12 ತಿಂಗಳಲ್ಲಿ ಕಮ್ಮಿ ಅಂದ್ರೂ 26 ಗಂಟೆ ಮುಖಾಮುಖಿ, ಮನೆಯವರೂ ಸೇರಿ ಕೂತ್ರೆ ಫಲ ಚೆನ್ನಾಗಿರುತ್ತೆ, ಅಷ್ಟು ಗಂಟೆ ಆಗ್ಬೇಕಂದ್ರೆ ಮಗು ಬಿಟ್ಟುಹೋಗದೇ ಇರ್ಬೇಕಲ್ವಾ. ಬೆಳಿಗ್ಗೆ ತಿಂಡಿ ಬಿಡದೇ ತಿಂದಿದ್ದಕ್ಕೆ ಒಂದು ಪಾಯಿಂಟ್, ಕೂಲ್‌ಡ್ರಿಂಕ್ಸ್ ಬದಲು ನೀರು ಕುಡಿದಿದ್ದಕ್ಕೆ ಒಂದು. ತಪ್ಪಿದ ದಿನ ಪಾಯಿಂಟ್ ಸಿಗಲ್ಲ ಅಷ್ಟೇ, ಇದ್ದಿದ್ದನ್ನ ಕಿತ್ಕೊಳ್ಳೋ ಹಾಗಿಲ್ಲ.

ಇನಾಮು ಏನು ಅಂತ ಮನುನೇ ಆರಿಸ್ಲಿ ಅಂದೆ, ತಿಂಡಿ, ಮೊಬೈಲ್, ದುಡ್ಡು ಮೂರು ಬಿಟ್ಟು. ಗೇರ್ ಸೈಕಲ್ ತುಂಬಾ ದೂರ, 12 ವರ್ಷದವನಿಗೆ ವಾರದೊಳಗೆ ಏನಾದ್ರೂ ಸಿಗ್ಬೇಕು. ಅವನು ಬರೆದಿದ್ದು ಹಾಕಿ ಸ್ಟಿಕ್‌ಗೆ ಹೊಸ ಗ್ರಿಪ್, ಅಪ್ಪನ ಜೊತೆ ಹೊಳೇಲಿ ಗಾಳ ಹಾಕೋದು, ಫ್ರೆಂಡ್ ಒಬ್ಬ ರಾತ್ರಿ ಉಳ್ಕೊಳ್ಳೋದು. ಮೂರರಲ್ಲಿ ಎರಡು ಕಾಸಿಲ್ಲದ್ದು ನೋಡಿ.

ಹಾಕಿಗೂ ಪಾಯಿಂಟ್ ಹಾಕೋಣ ಅಂದ್ರು ಅಪ್ಪ. ಬೇಡ ಅಂದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮನಃಶಾಸ್ತ್ರಜ್ಞರು ಚಿತ್ರ ಬಿಡಿಸೋದಂದ್ರೆ ಇಷ್ಟ ಪಡ್ತಿದ್ದ ಪುಟ್ಟ ಮಕ್ಕಳಿಗೆ, ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿ ಕೊಟ್ರು, ಆಮೇಲೆ ಆ ಮಕ್ಕಳೇ ತಾವಾಗಿ ಬಿಡಿಸೋದು ಕಮ್ಮಿ ಆಗೋಯ್ತು. ಇವನು ಏಪ್ರಿಲ್‌ನಲ್ಲಿ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಟೂರ್ನಿ ಶುರುವಾದ್ರೆ ಗ್ಯಾಲರಿ ಬಿಟ್ಟು ಏಳದ ಹುಡುಗ, ಇಷ್ಟಪಟ್ಟು ಆಡೋದಕ್ಕೆ ಯಾಕೆ ಬೆಲೆ ಕಟ್ತೀರಿ. ಆಡೋಕೆ ಜಾಗ ಮಾಡ್ಕೊಡಿ ಸಾಕು. ನಮ್ಮಲ್ಲಿ ಜೂನಿಂದ ಆಗಸ್ಟ್‌ವರೆಗೆ ಮಳೆ, ಹೊತ್ತು ಮೂಡೋ ಮುಂಚೆ ವಾಕಿಂಗ್ ಅಂದ್ರೆ ತೋಟದಲ್ಲಿ ಆನೆ, ಪುಸ್ತಕದಲ್ಲಿರೋ ಸಲಹೆ ಇಲ್ಲಿ ನಡೆಯಲ್ಲ. ಆದ್ರೆ ಮಳೆಗಾಲದಲ್ಲಿ ಗೋಡೌನ್ ಅರ್ಧ ಖಾಲಿ ತಾನೇ, ಆ ಸ್ಕೇಲ್ ಮೂಲೆಗೆ ತಳ್ಳಿ ಅಲ್ಲೇ ಡ್ರಿಬ್ಲಿಂಗ್ ಮಾಡ್ಲಿ ಅಂದೆ.

ಇನ್ನೊಂದು ಷರತ್ತು ಅಪ್ಪನಿಗೆ ಹಿಡಿಸ್ಲಿಲ್ಲ: ನೋಟ್‌ಬುಕ್ಕಲ್ಲಿ ಅವರಿಗೂ ಒಂದು ಕಾಲಂ. ಮಕ್ಕಳ ಬೊಜ್ಜಿನ ಬಗ್ಗೆ ಸಂಶೋಧನೆ ಮಾಡೋ ಲೆನರ್ಡ್ ಎಪ್‌ಸ್ಟೈನ್ ತಂಡ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ಮತ್ತೆ ಅಪ್ಪ ಅಮ್ಮಂದಿರಲ್ಲಿ ಒಬ್ರು, ಇಬ್ರಿಗೂ ಉತ್ತೇಜನ ಇದ್ದ ಗುಂಪಿನ ಮಕ್ಕಳೇ 10 ವರ್ಷ ಆದ್ಮೇಲೂ ತೂಕದ ವಿಷ್ಯದಲ್ಲಿ ಚೆನ್ನಾಗಿದ್ದಿದ್ದು. ಇವರಿಗೂ ಹೊಟ್ಟೆ ಇದೆ, ರಾತ್ರಿ ಎರಡನೇ ಸಲ ಬಡಿಸ್ಕೊಳ್ಳೋದು ಇವರೇ. ಸ್ವಲ್ಪ ಹೊತ್ತು ಸುಮ್ನಿದ್ದು, "ಆಯ್ತು, ಬರ್ಕೊಳ್ಳಿ" ಅಂದ್ರು. ಮದುವೆ ಮನೇಲಿ ಪಂದಿ ಕರಿ (ಹಂದಿ ಮಾಂಸದ ಅಡುಗೆ) ಬೇಡ ಅಂತ ಹುಡುಗನ ತಟ್ಟೆ ಎಳೀಬೇಡಿ, ನೆಂಟರ ಮುಂದೆ ತೂಕದ ಮಾತೇ ಬೇಡ, ಊಟ ಬಿಡೋದು, ಕದ್ದು ತಿನ್ನೋದು ಮತ್ತೆ ಕಂಡ್ರೆ ಪಾಯಿಂಟ್ ಆಟ ನಿಲ್ಲಿಸಿ ನಂಗೆ ಫೋನ್ ಮಾಡಿ ಅಂತಾನೂ ಹೇಳಿ ಕಳಿಸ್ದೆ.

ಈಗ ಮನು ಸೆಷನ್ ತಪ್ಪಿಸ್ತಿಲ್ಲ. ತೂಕ ಹೆಚ್ಚುಕಮ್ಮಿ ಅಷ್ಟೇ ಇದೆ, ಎತ್ತರ ಏರಿದೆ, ತೂಗೋದು ಕ್ಲಿನಿಕ್ಕಲ್ಲಿ ಮಾತ್ರ. ಇನಾಮನ್ನ ವಾರದಿಂದ ಹದಿನೈದು ದಿನಕ್ಕೆ ತಳ್ಳಿದೀವಿ, ತಿಂಡಿಯ ಪಾಯಿಂಟ್ ತೆಗೆದೇ ಬಿಟ್ವಿ, ಅದು ಹೇಗೂ ಅಭ್ಯಾಸ ಆಗಿದೆ. ಅಪ್ಪನ ಕಾಲಂ ಮಗನದ್ದಕ್ಕಿಂತ ಖಾಲಿ, ಅದನ್ನ ಮಗನೇ ಲೆಕ್ಕ ಹಾಕಿ ತೋರಿಸ್ತಾನೆ. ಅಜ್ಜಿ ಜೊತೆ ಸಂಜೆ ಬಿಸ್ಕೆಟ್ ವಿಷ್ಯ ಇನ್ನೂ ಬಗೆಹರಿದಿಲ್ಲ, ಮುಂದಿನ ಸೆಷನ್‌ಗೆ ಅವರನ್ನೂ ಕರ್ಕೊಂಡು ಬನ್ನಿ ಅಂದಿದೀನಿ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು ಶುರುವಾದ್ರೆ ಅಪ್ಪನಿಗೆ ಪುರುಸೊತ್ತಿರಲ್ಲ, ಆಗ ಮನುನ ಕರ್ಕೊಂಡು ಬರೋದು ಚಿಕ್ಕಪ್ಪ ಅಂತ ಈಗ್ಲೇ ನೋಟ್‌ಬುಕ್ಕಲ್ಲಿ ಬರ್ಸಿಟ್ಟಿದೀವಿ.