ಮಾತು ಆಮೇಲೆ ಬರಲಿ

ಪ್ರಿಯ ಟೀಚರ್,

ಕಾಸರಗೋಡಿನ ಬದಿಯಡ್ಕ ಕಡೆಯ ಶಾಲೆಯಿಂದ ನೀವು ಬರೆದ ಪತ್ರ ಓದಿದೆ. ವಾರ್ಷಿಕೋತ್ಸವದ ನಾಟಕದ ಹೊಣೆ ನಿಮ್ಮ ಹೆಗಲಿಗೆ ಬಿದ್ದಿದೆ. ಒಂದನೇ ಕ್ಲಾಸಿನವರು ಸ್ಟೇಜು ಹತ್ತಿದರೆ ಅಳುತ್ತಾರೆ. ಆರು, ಏಳನೆಯವರು ಬಾಯಿಪಾಠ ಒಪ್ಪಿಸಿದ ಹಾಗೆ ಮೈಕಿಗೆ ಕಿರುಚುತ್ತಾರೆ. ಒಂಬತ್ತರ ಹುಡುಗರು ನಾಚಿ ಹಿಂದೆ ನಿಲ್ಲುತ್ತಾರೆ. ಎಲ್ಲರಿಗೂ ಒಂದೇ ರೀತಿ ಕಲಿಸಬಹುದಾ, ಇದೇ ನಾಟಕವನ್ನು ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವಕ್ಕೂ ಕಳಿಸಬಹುದಾ ಅಂತ ಕೇಳಿದ್ದೀರಿ.

ಒಂದೇ ರೀತಿ ಆಗುವುದಿಲ್ಲ. ಆದರೆ ಯಾರಿಗೇ ಕಲಿಸಿದರೂ, ಬರೆದ ಸಂಭಾಷಣೆಯನ್ನು ಮೊದಲ ದಿನವೇ ಕೈಗೆ ಕೊಡಬೇಡಿ.

ಇದಕ್ಕೆ ದೂರದ ಮಾದರಿ ಹುಡುಕಬೇಕಿಲ್ಲ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿ ಪಾರ್ತಿಸುಬ್ಬನ ಕುಂಬಳೆ ನಿಮಗೆ ಹತ್ತಿರವೇ ಇದೆ. ಯಕ್ಷಗಾನದ ಪ್ರಸಂಗದಲ್ಲಿ, ಅಂದರೆ ಆಡುವ ಕಥೆಯ ಪಠ್ಯದಲ್ಲಿ, ಇರುವುದು ಹೆಚ್ಚಾಗಿ ಪದ್ಯಗಳೇ. ಭಾಗವತರು ಪದ್ಯ ಹೇಳಿದ ಮೇಲೆ ಅರ್ಥವನ್ನು ವೇಷಧಾರಿ ತಾನೇ ಹುಟ್ಟಿಸಿ ಹೇಳಬೇಕು. ಮೇಳಕ್ಕೆ ಸೇರಿದ ಹುಡುಗನಿಗೆ ಆ ಅವಕಾಶ ಮೊದಲ ದಿನವೇ ಸಿಗುತ್ತಿರಲಿಲ್ಲ. ನಿಮ್ಮ ಕಡೆಯ ಶೈಲಿಯಾದ ತೆಂಕುತಿಟ್ಟಿನಲ್ಲಿ, ಕಥೆ ಶುರುವಾಗುವ ಮುಂಚಿನ ಪೂರ್ವರಂಗದಲ್ಲಿ, ಕೋಡಂಗಿ, ಬಾಲಗೋಪಾಲ ಅನ್ನುವ ಕಲಿಕೆಯ ವೇಷ ಹಾಕಿ ಹೆಜ್ಜೆ, ತಾಳ, ಸಭೆಯ ಎದುರು ನಿಲ್ಲುವ ಧೈರ್ಯ ಕಲಿಯುತ್ತಿದ್ದ. ಅರ್ಥ ಹೇಳುವುದು ಆಮೇಲೆ.

ಚಿಕ್ಕವರಿಗೆ ನಾಟಕ ಅಂತಲೇ ಹೇಳಬೇಡಿ. ದುಂಡಗೆ ಕೂರಿಸಿ, ಬಿಸಿ ಚಹಾದ ಗ್ಲಾಸು ಇದೆ ಅಂದುಕೊಂಡು ಬರಿಗೈಯಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಲು ಹೇಳಿ. ಒಂದು ಮಗು ಬೆರಳ ತುದಿಯಲ್ಲಿ ಹಿಡಿಯುತ್ತದೆ, ಇನ್ನೊಂದು ಅಂಗಿಯ ಅಂಚಿನಲ್ಲಿ, ಮತ್ತೊಂದು ಉಫ್ ಅಂತ ಊದುತ್ತದೆ. ಅಲ್ಲೇ ಅಭಿನಯ ಶುರುವಾಯಿತು, ಅಲ್ವಾ? ಸ್ಟೇಜಿಗೆ ಮಳೆಯಾಗಿ, ಕಪ್ಪೆಗಳಾಗಿ ಗುಂಪಿನಲ್ಲೇ ತನ್ನಿ. ಒಂಟಿಯಾಗಿ ನಿಲ್ಲಿಸಿದರೆ ಅಳು ಬರದೆ ಇರುತ್ತದಾ?

ನಡುವಿನವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕೆಡುವುದು ಇಲ್ಲೇ. ನಿಮ್ಮ ಕ್ಲಾಸಿನಲ್ಲಿ ತುಳು, ಮಲಯಾಳ, ಹವ್ಯಕ, ಕೊಂಕಣಿ, ಬ್ಯಾರಿ ಎಲ್ಲ ಮನೆಮಾತಿನ ಮಕ್ಕಳೂ ಇರುತ್ತಾರೆ. ಪುಸ್ತಕದ ಕನ್ನಡ ಕೊಟ್ಟರೆ ಪದ ನೆನಪಿಡುವುದರಲ್ಲೇ ಅವರು ಸುಸ್ತು. ಸನ್ನಿವೇಶ ಮಾತ್ರ ಹೇಳಿ: ಸಾಲ ಕೇಳಲು ಬಂದವನು, ಕೊಡಲು ಮನಸ್ಸಿಲ್ಲದ ಅಂಗಡಿಯವನು. ಮೊದಲು ಮನೆಮಾತಿನಲ್ಲೇ ಆಡಲಿ. ಜಗಳ ಕಾವೇರಿದ ಮೇಲೆ ಅದನ್ನೇ ಕನ್ನಡದಲ್ಲಿ ಆಡಿಸಿ, ಒಳ್ಳೆಯ ಮಾತುಗಳನ್ನು ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಸ್ಕ್ರಿಪ್ಟ್. ರಿಹರ್ಸಲಿಗೆ ಮೈಕ್ ಬೇಡ. ನೀವು ಕೊನೆಯ ಬೆಂಚಿನಲ್ಲಿ ಕೂತು, ಕೇಳಿಸದಿದ್ದರೆ ಕೈ ಎತ್ತಿ. ಸ್ವರ ಒಡೆಯುತ್ತಿರುವ ಹುಡುಗರು ಕಿರುಚುವುದು ಬೇಡವೇ ಬೇಡ. ನಿಧಾನವಾಗಿ, ಪದ ಬಿಡಿಸಿ ಹೇಳಿದರೆ ಸಾಕು.

ಹೈಸ್ಕೂಲಿನವರಿಗೆ ಇಡೀ ರಂಗವನ್ನೇ ಒಪ್ಪಿಸಿ. ಸ್ಟೇಜಿನ ಅಳತೆ ತೆಗೆದು ಅಂಗಳದಲ್ಲಿ ಗೆರೆ ಎಳೆಯಲಿ, ಅದರೊಳಗೇ ರಿಹರ್ಸಲ್ ಆಗಲಿ. ನೆತ್ತಿಯ ಮೇಲಿನ ದೀಪ ಒಂದೇ ಇದ್ದರೆ ಕಣ್ಣಿನ ಜಾಗ ಕಪ್ಪಾಗಿ ಕಾಣುತ್ತದೆ. ಎದುರಿನಿಂದ ಎಡಕ್ಕೊಂದು, ಬಲಕ್ಕೊಂದು ಓರೆಯಾಗಿ ದೀಪ ಇಟ್ಟು ವ್ಯತ್ಯಾಸವನ್ನು ಅವರೇ ನೋಡಲಿ. ನಾಚುವ ಹುಡುಗನಿಗೆ ದೀಪದ ಕೆಲಸ ಕೊಡಿ. ಯಾವ ಮಾತಿಗೆ ಯಾವ ದೀಪ ಅಂತ ಅವನು ಬರೆದಿಡಬೇಕು. ಅದಕ್ಕೆ ನಾಟಕ ಪೂರ್ತಿ ಗೊತ್ತಿರಬೇಕು. ಯಾರಾದರೂ ಜ್ವರ ಬಂದು ಮನೆಯಲ್ಲಿ ಉಳಿದ ದಿನ ಆ ಪಾತ್ರಕ್ಕೆ ಅವನನ್ನೇ ನಿಲ್ಲಿಸಿ ನೋಡಿ.

ಕಲೋತ್ಸವ 1957ರಿಂದ ನಡೆದು ಬಂದ ದೊಡ್ಡ ಹಬ್ಬ. ಯಕ್ಷಗಾನಕ್ಕೂ ಅಲ್ಲಿ ಜಾಗ ಇದೆ ಅನ್ನುವುದು ನನಗೆ ತುಂಬಾ ಖುಷಿಯ ಸಂಗತಿ. ಆದರೂ ಈ ನಾಟಕ ಅಲ್ಲಿಗೆ ಬೇಡ. ಸ್ಪರ್ಧೆ ಅಂದ ಕೂಡಲೇ ಚೆನ್ನಾಗಿ ಮಾಡುವ ನಾಲ್ವರನ್ನು ಆರಿಸಿ ಉಳಿದವರನ್ನು ಕೂರಿಸಬೇಕಾಗುತ್ತದೆ. ಈ ವರ್ಷ ಎಲ್ಲರೂ ಆಡಲಿ. ತಾರೀಕು ತಿಳಿಸಿ, ನೋಡಲು ಬರುತ್ತೇನೆ.

– ಸಂಪಾದಕ