ಧರ್ಮಶ್ರದ್ಧೆ ಜಾಸ್ತಿಯಾದರೆ ಹಿಂಸೆಗೆ ಇಳಿಯುತ್ತಾರಾ?

ಪ್ರಶ್ನೆ: ಎಲ್ಲಾದರೂ ಉಗ್ರರ ದಾಳಿ ನಡೆದರೆ ಕೆಲವರು ಧರ್ಮವೇ ಕಾರಣ ಅಂತಾರೆ. ಇನ್ನು ಕೆಲವರು ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಾರೆ. ಅದೇ ಗ್ರಂಥ ಓದುವ ಕೋಟ್ಯಂತರ ಜನ ತಮ್ಮ ಪಾಡಿಗೆ ತಾವಿರುತ್ತಾರಲ್ಲ? ಯಾರ ಮಾತು ನಂಬಬೇಕು?

ಉತ್ತರ: ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಒಬ್ಬ ಇಂಥ ಗುಂಪಿಗೆ ಹೇಗೆ ಸೇರಿದ ಅನ್ನುವುದು ಒಂದು. ಸೇರಿದ ಮೇಲೆ ಕೊಲ್ಲಲು ಕೈ ಹೇಗೆ ಬಂತು ಅನ್ನುವುದು ಇನ್ನೊಂದು.

ಸೇರುವಾಗ ಧರ್ಮಜ್ಞಾನ ಅಷ್ಟೇನೂ ಇರಬೇಕಿಲ್ಲ. 2013ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಸಿರಿಯಾಕ್ಕೆ ಉಗ್ರರ ಜೊತೆ ಸೇರಲು ಹೋದ ಇಬ್ಬರು ಯುವಕರು ಹೊರಡುವ ಮೊದಲು ಆನ್‌ಲೈನ್‌ನಲ್ಲಿ ತರಿಸಿಕೊಂಡಿದ್ದು ಏನು ಗೊತ್ತಾ? ಹೊಸಬರಿಗಾಗಿ ಬರೆದ ಇಸ್ಲಾಂ ಪರಿಚಯದ ಪುಸ್ತಕ! ಮನೋವೈದ್ಯ ಮಾರ್ಕ್ ಸೇಜ್‌ಮನ್ 172 ಜಿಹಾದಿಗಳ ಹಿನ್ನೆಲೆ ಕೆದಕಿ 2004ರಲ್ಲಿ ಬರೆದದ್ದೂ ಇದನ್ನೇ. ಹೆಚ್ಚಿನವರನ್ನು ಎಳೆದು ತಂದದ್ದು ಗೆಳೆತನ ಮತ್ತು ನೆಂಟಸ್ತಿಕೆ.

ಕೊಲ್ಲುವ ಹಂತಕ್ಕೆ ಬಂದಾಗ ಮಾತ್ರ ಸಿದ್ಧಾಂತವನ್ನು ಪಕ್ಕಕ್ಕೆ ತಳ್ಳಲು ಆಗುವುದಿಲ್ಲ. 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೊದಲ್ಲಿ ಓಮ್ ಶಿನ್ರಿಕ್ಯೊ ಎಂಬ ಜಪಾನಿನ ಧಾರ್ಮಿಕ ಪಂಥದವರು ಸಾರಿನ್ ವಿಷ ಹರಡಿದರು. ಪ್ಲಾಸ್ಟಿಕ್ ಚೀಲಗಳಲ್ಲಿ ದ್ರವ ತುಂಬಿ, ಚೂಪು ಮಾಡಿದ ಕೊಡೆಯ ತುದಿಯಿಂದ ಚುಚ್ಚಿದರು. ಚುಚ್ಚಿದವರಲ್ಲಿ ಒಬ್ಬ ಹೃದಯದ ಶಸ್ತ್ರಚಿಕಿತ್ಸಕ. ಜೀವ ಉಳಿಸುವುದೇ ಕಸುಬಾದವನು! ಎದುರಿಗಿದ್ದ ಪ್ರಯಾಣಿಕರನ್ನು ಕಂಡು ಮನಸ್ಸು ಹಿಂದೇಟು ಹಾಕಿತ್ತು ಎಂದು ಆಮೇಲೆ ಕೋರ್ಟಿನಲ್ಲಿ ಹೇಳಿದ. ಆದರೂ ಚುಚ್ಚಿದ. ಪಾಪ ಕೂಡಿಹಾಕುತ್ತಿರುವವರನ್ನು ಕೊಂದರೆ ಅವರ ಆತ್ಮಕ್ಕೇ ಒಳ್ಳೆಯದು ಎಂದು ಆ ಪಂಥದ ಗುರು ಕಲಿಸಿದ್ದ. ಬಡತನ, ನಿರುದ್ಯೋಗ ಅಂತ ಇಂಥವನ ವಿಷಯದಲ್ಲಿ ಹೇಳಿದರೆ ಏನೂ ತಿಳಿಯುವುದಿಲ್ಲ. ಅದೇ ವರ್ಷ ನವೆಂಬರ್ 4ರಂದು ಇಸ್ರೇಲ್ ಪ್ರಧಾನಿ ರಬಿನ್ ಅವರನ್ನು ಗುಂಡಿಟ್ಟು ಕೊಂದ ಯಿಗಾಲ್ ಅಮೀರ್ ಕಾನೂನು ವಿದ್ಯಾರ್ಥಿ. ಅವನೂ ಯಹೂದಿ ಧರ್ಮಶಾಸ್ತ್ರದ ಅನುಮತಿ ಇದೆ ಎಂದೇ ವಾದಿಸಿದ.

ನನ್ನ ಮಟ್ಟಿಗೆ ಧಾರ್ಮಿಕ ಸಿದ್ಧಾಂತದ ದೊಡ್ಡ ಕೆಲಸ ಇದೇ: ಹಿಂಜರಿಕೆಯನ್ನು ತೆಗೆದುಹಾಕುವುದು. ಸಿಟ್ಟು ಮೊದಲೇ ಇರುತ್ತದೆ. ಯಾರ ಮೇಲೆ ಅಂತ ಸಿದ್ಧಾಂತ ತೋರಿಸುತ್ತದೆ, ಕೊಲೆಯನ್ನು ಕರ್ತವ್ಯ ಮಾಡುತ್ತದೆ. ಈ ಕೆಲಸಕ್ಕೆ ದೇವರೇ ಬೇಕು ಅಂತಲೂ ಇಲ್ಲ. ರಾಜೀವ್ ಗಾಂಧಿಯವರನ್ನು 1991ರಲ್ಲಿ ಕೊಂದ ಎಲ್‌ಟಿಟಿಇ ಆತ್ಮಾಹುತಿ ಬಾಂಬರ್‌ಗಳನ್ನು ತಯಾರು ಮಾಡಿದ್ದು ತಮಿಳು ರಾಷ್ಟ್ರದ ಹೆಸರಿನಲ್ಲಿ.

ಕೋಟ್ಯಂತರ ಜನ ಸುಮ್ನೆ ಯಾಕಿರುತ್ತಾರೆ ಅಂದರೆ, ಗ್ರಂಥ ತಾನಾಗಿ ಯಾರ ಕೈಗೂ ಆಯುಧ ಕೊಡುವುದಿಲ್ಲ. ನಡುವೆ ಅರ್ಥ ಹೇಳುವವನೊಬ್ಬ ಬೇಕು, ಅದನ್ನೇ ದಿನಾ ಹೇಳಿಕೊಳ್ಳುವ ಸಣ್ಣ ಗುಂಪೂ ಬೇಕು.

ಹಾಗಾಗಿ ಮನೆಯ ಹುಡುಗ ಪೂಜೆ, ನಮಾಜು, ಪ್ರಾರ್ಥನೆ ಜಾಸ್ತಿ ಮಾಡಿದ ಅಂತ ಗಾಬರಿಯಾಗಬೇಡಿ. ಹಳೆಯ ಗೆಳೆಯರನ್ನೆಲ್ಲ ಬಿಟ್ಟು, ಒಂದು ಸಮುದಾಯದವರನ್ನು ಹುಳುಗಳು ಅನ್ನತೊಡಗಿದರೆ ಮಾತ್ರ ಎಚ್ಚರವಾಗಿ. ಆಗಲೂ ಧರ್ಮದ ಮೇಲೆ ವಾದಕ್ಕಿಳಿಯಬೇಡಿ. ಅವನು ಬಿಟ್ಟ ಗೆಳೆಯರಲ್ಲಿ ಒಬ್ಬನನ್ನು ಮನೆಗೆ ಕರೆಸಿ.