ಬ್ಯಾಂಡ್ ಒಡೆದ ಮೇಲಿನ ಕಥೆ ಎಲ್ಲಿದೆ?

ಪ್ರಿಯರೇ,

ನಮಸ್ಕಾರ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಎಂಬ ಅಮೆರಿಕದ ರಾಕ್ ತಂಡದ ಬಗ್ಗೆ ನೀವು ಕಳಿಸಿದ ‘ಕಾಲಗರ್ಭ ಸೇರಿದ ಗಾನ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ವಿಷಾದದ ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ವಿಷಯ ಚೆನ್ನಾಗಿದೆ, ಹಾಡುಗಳನ್ನು ನೀವು ಕಿವಿಗೊಟ್ಟು ಕೇಳಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ, ಸ್ವಲ್ಪ ಖಾರವಾಗಿಯೂ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಶೀರ್ಷಿಕೆಯ ಕೆಳಗೆ ನೀವೇ ‘ಖ್ಯಾತಿಯ ನಂತರ ಆ ನಾಲ್ವರಿಗೆ ಏನಾಯಿತು?’ ಎಂದು ಕೇಳಿದ್ದೀರಿ. ಉತ್ತರ ಹುಡುಕಿಕೊಂಡು ಹೋದರೆ ಹನ್ನೊಂದು ಪುಟಗಳಲ್ಲಿ ಒಂಬತ್ತು ಪುಟ ಖ್ಯಾತಿಯ ಕಾಲಕ್ಕೇ ಖರ್ಚಾಗಿದೆ. ಅದರಲ್ಲಿ ಮೊದಲ ಪುಟ ಪೂರ್ತಿ ಬೆಂಗಳೂರಿನ ಪಬ್ಬಿನಲ್ಲಿ ಯಾರೋ ಅವರ ‘ಬ್ಯಾಡ್ ಮೂನ್ ರೈಸಿಂಗ್’ ಹಾಡಿದ್ದು, ನಿಮ್ಮ ಮೈ ಜುಮ್ಮೆಂದದ್ದು. ಅದನ್ನು ತೆಗೆದುಬಿಡಿ. ಓದುಗರು ಬಂದಿರುವುದು ಕ್ಯಾಲಿಫೋರ್ನಿಯಾದ ನಾಲ್ವರ ಕಥೆಗೆ, ನಿಮ್ಮ ಶನಿವಾರದ ಸಂಜೆಗಲ್ಲ. ಉಳಿದ ಎಂಟು ಪುಟದ ಕೆಲಸ ಒಂದು ಪ್ಯಾರಾದಲ್ಲಿ ಆಗುತ್ತದೆ. ಹೀಗೆ:

ಎಲ್ ಸೆರಿಟೊ ಎಂಬ ಊರಿನ ಶಾಲೆಯಲ್ಲಿ ಜಾನ್ ಫೋಗರ್ಟಿ, ಸ್ಟೂ ಕುಕ್, ಡಗ್ ಕ್ಲಿಫರ್ಡ್ ಎಂಬ ಮೂವರು ಹುಡುಗರು 1959ರಲ್ಲಿ ತಂಡ ಕಟ್ಟಿಕೊಂಡರು; ಜಾನ್‌ನ ಅಣ್ಣ ಟಾಮ್ ಆಮೇಲೆ ಸೇರಿದ. ಸಣ್ಣದೊಂದು ಜಾಝ್ ಕಂಪನಿಯಾಗಿದ್ದ ಫ್ಯಾಂಟಸಿ ರೆಕಾರ್ಡ್ಸ್ ಅವರನ್ನು 1964ರಲ್ಲಿ ತೆಗೆದುಕೊಂಡಿತು. 1969 ಒಂದೇ ವರ್ಷದಲ್ಲಿ ಮೂರು ಆಲ್ಬಂ. ಐದು ಸಿಂಗಲ್‌ಗಳು (ಬಿಡಿಯಾಗಿ ಬಿಡುಗಡೆಯಾದ ಹಾಡಿನ ತಟ್ಟೆಗಳು) ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನಕ್ಕೆ ಬಂದು ನಿಂತವು, ಮೊದಲನೆಯದು ಒಂದಕ್ಕೂ ದಕ್ಕಲಿಲ್ಲ. 1971ರ ಆರಂಭದಲ್ಲಿ ಟಾಮ್ ಹೊರಬಿದ್ದ. 1972ರ ಅಕ್ಟೋಬರ್‌ನಲ್ಲಿ ತಂಡವೇ ಮುಗಿಯಿತು.

ಇಷ್ಟು ಸಾಕು. ಬೇಕಿದ್ದರೆ ‘ಲೋಡೈ’ ಹಾಡಿನ ಬಗ್ಗೆ ಒಂದು ಸಾಲು ಸೇರಿಸಿ: ಸಣ್ಣ ಊರಿನ ಬಾರಿನಲ್ಲಿ ಸಿಕ್ಕಿಬಿದ್ದು, ಮನೆಗೆ ಹೋಗಲು ಟಿಕೆಟ್ ದುಡ್ಡೂ ಇಲ್ಲದ ಸೋತ ಹಾಡುಗಾರನ ಹಾಡನ್ನು ಫೋಗರ್ಟಿ ಬರೆದದ್ದು ಗೆಲುವಿನ ತುತ್ತತುದಿಯಲ್ಲಿದ್ದ 1969ರಲ್ಲಿ. ಅಲ್ಲಿ ‘ವಿಧಿಯ ವಿಪರ್ಯಾಸ’ ಅಂತ ಮಾತ್ರ ಬರೆಯಬೇಡಿ.

ಈಗ ದೊಡ್ಡ ತಕರಾರು. ಕೊನೆಯ ಎರಡು ಪುಟಗಳಲ್ಲಿ ‘ಕಾಲನ ಪ್ರವಾಹದಲ್ಲಿ ಕೊಚ್ಚಿಹೋದರು’, ‘ಜಗತ್ತು ಅವರನ್ನು ಮರೆಯಿತು’ ಎಂದಿದ್ದೀರಿ. ಇದು ಸುಳ್ಳು. ಅವರ ಜನಪ್ರಿಯ ಹಾಡುಗಳನ್ನು ಒಟ್ಟು ಮಾಡಿ ಫ್ಯಾಂಟಸಿ 1976ರಲ್ಲಿ ತಂದ ‘ಕ್ರಾನಿಕಲ್’ ಸಂಕಲನ ಅಮೆರಿಕದಲ್ಲೇ ಕೋಟಿ ಪ್ರತಿ ದಾಟಿದೆ. ಬಿಲ್‌ಬೋರ್ಡ್‌ನ ಆಲ್ಬಂ ಪಟ್ಟಿಯಲ್ಲಿ ಈಗಲೂ ಮುಖ ತೋರಿಸುತ್ತದೆ. ವಿಯೆಟ್ನಾಂ ಯುದ್ಧದ ಚಿತ್ರ ತೆರೆಯ ಮೇಲೆ ಬಂದರೆ ಹಿಂದೆಯೇ ಅವರ ‘ಫಾರ್ಚುನೇಟ್ ಸನ್’ ಕೇಳಿಸುತ್ತದೆ. ಹಾಡುಗಳಿಗೆ ಏನೂ ಆಗಿಲ್ಲ. ಹಾಡು ಕಟ್ಟಿದವನಿಗೂ ಹಾಡಿಗೂ ನಡುವೆ ಒಂದು ಕಾಗದ ಬಂದು ನಿಂತಿತು. ಖ್ಯಾತಿಯ ನಂತರ ಏನಾಯಿತು ಎಂದರೆ ಆ ಕಾಗದದ ಕಥೆಯನ್ನೇ ಹೇಳಬೇಕು. ನಿಮ್ಮ ಲೇಖನದಲ್ಲಿ ‘ಕರಾರು’ ಎಂಬ ಪದ ಒಂದು ಸಲವೂ ಬರುವುದಿಲ್ಲ.

ಕರಾರು ಅಂದರೆ ಒಣ ವಿಷಯ ಎಂದು ನೀವು ಹೆದರಿರಬಹುದು. ಹೆದರಬೇಡಿ, ಇದರಲ್ಲಿರುವಷ್ಟು ಜಗಳ ಕಾದಂಬರಿಯಲ್ಲೂ ಇರುವುದಿಲ್ಲ. ಸಾಲ್ ಜಾಂಟ್ಸ್ ಎಂಬಾತ 1967ರಲ್ಲಿ ಫ್ಯಾಂಟಸಿಯನ್ನು ಕೊಂಡ. ಅವನ ಕಂಪನಿಯೊಂದಿಗೆ ಈ ಹುಡುಗರು ಮಾಡಿಕೊಂಡ ಒಪ್ಪಂದದಲ್ಲಿ ಹಾಡುಗಳ ಹಕ್ಕು ಕಂಪನಿಗೆ ಹೋಯಿತು. ಮುಂದೆ ಇಂತಿಷ್ಟು ಹಾಡು ಧ್ವನಿಮುದ್ರಿಸಿ ಕೊಡಬೇಕೆಂಬ ಬಾಕಿಯೂ ತಲೆಯ ಮೇಲೆ ಕೂತಿತು. ತಂಡ ಒಡೆದರೂ ಬಾಕಿ ತೀರಲಿಲ್ಲ. ಅದರಿಂದ ಬಿಡಿಸಿಕೊಳ್ಳಲು ಫೋಗರ್ಟಿ ಕೊನೆಗೆ ಹಳೆಯ ಹಾಡುಗಳಿಂದ ಗಾಯಕನಾಗಿ ತನಗೆ ಬರಬೇಕಿದ್ದ ರಾಯಲ್ಟಿಯನ್ನೇ ಬಿಟ್ಟುಕೊಟ್ಟ. ಇನ್ನೊಂದು ಕಡೆ, ತೆರಿಗೆ ಉಳಿಸುವ ಸಲಹೆ ಕೇಳಿ ತಂಡದ ದುಡ್ಡನ್ನು ಬಹಾಮಾಸ್‌ನ ಕ್ಯಾಸಲ್ ಬ್ಯಾಂಕ್‌ನಲ್ಲಿ ಇಟ್ಟಿದ್ದರು. 1977ರಲ್ಲಿ ಆ ಬ್ಯಾಂಕೇ ಮುಳುಗಿತು. 1976ರಲ್ಲಿ ಬರಬೇಕಿದ್ದ ಫೋಗರ್ಟಿಯ ಆಲ್ಬಂ ಹೊರಬರಲೇ ಇಲ್ಲ. ಮುಂದಿನ ಆಲ್ಬಂ ಬಂದದ್ದು 1985ರಲ್ಲಿ. ನೀವು ‘ದೀರ್ಘ ಮೌನದ ಕಗ್ಗತ್ತಲು’ ಎಂದು ಬರೆದು ಹಾರಿಸಿದ್ದು ಇದನ್ನೇ.

ಇಲ್ಲಿ ಕನ್ನಡದ ಓದುಗರಿಗೆ ಒಂದು ಅನುಮಾನ ಬಂದೇ ಬರುತ್ತದೆ: ಬರೆದವನದೇ ಹಾಡು, ಹಕ್ಕು ಬೇರೆಯವರದ್ದು ಹೇಗೆ? ಹಾಡಿನ ರಚನೆಯ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಬೇರೆ, ಎರಡನ್ನೂ ಬರೆದುಕೊಡಬಹುದು ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಬಿಡಿಸಿ ಹೇಳಿ. ನಮ್ಮಲ್ಲಿ ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಪಾಲು ಬಿಟ್ಟುಕೊಡಲಾಗದ ಹಕ್ಕು ಎಂದು ಕಾನೂನು ತಿದ್ದುಪಡಿಯಾದದ್ದು 2012ರಲ್ಲಿ. ಆ ಹೋಲಿಕೆ ಒಂದು ವಾಕ್ಯದಲ್ಲಿ ಇದ್ದರೆ ಸಾಕು, ಅಲ್ಲೇ ಬಿಡಾರ ಹೂಡಬೇಡಿ.

ಇನ್ನು ನೀವು ಬಿಟ್ಟೇಬಿಟ್ಟ ದೃಶ್ಯ. 1985ರ ‘ಸೆಂಟರ್‌ಫೀಲ್ಡ್’ ಆಲ್ಬಂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’ ಹಾಡಿನ ಮೇಲೆ ಫ್ಯಾಂಟಸಿ ಕೃತಿಚೌರ್ಯದ ದಾವೆ ಹೂಡಿತು. ಯಾವ ಹಾಡಿನಿಂದ ಕದ್ದದ್ದಂತೆ? 1970ರ ‘ರನ್ ಥ್ರೂ ದ ಜಂಗಲ್’ನಿಂದ. ಅದನ್ನು ಬರೆದವನು ಯಾರು? ಫೋಗರ್ಟಿಯೇ. ಹಳೆಯ ಹಾಡಿನ ಹಕ್ಕು ಕಂಪನಿಯ ಕೈಯಲ್ಲಿದ್ದುದರಿಂದ, ತನ್ನ ಹಾಡನ್ನು ತಾನೇ ಕದ್ದ ಆರೋಪ ಹೊತ್ತು ಅವನು 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಸಾಕ್ಷಿಕಟ್ಟೆಗೆ ಗಿಟಾರ್ ತೆಗೆದುಕೊಂಡೇ ಹೋದ. ಎರಡೂ ಹಾಡುಗಳನ್ನು ನುಡಿಸಿ, ಜೌಗುನೆಲದ ಬ್ಲೂಸ್ ಧಾಟಿ ತನ್ನ ಕೈಗೆ ಅಂಟಿದ್ದು, ಯಾವ ಹಾಡು ಕಟ್ಟಿದರೂ ಅದು ಬರುತ್ತದೆ ಎಂದು ಜ್ಯೂರಿಗೆ ತೋರಿಸಿದ. ಜ್ಯೂರಿ ಅವನ ಪರ ನಿಂತಿತು.

ಗೆದ್ದನಲ್ಲ ಎಂದು ಇಲ್ಲಿ ಚುಕ್ಕಿ ಇಡಬೇಡಿ. ಗೆದ್ದ ಮೇಲೆ ವಕೀಲರ ಬಿಲ್ಲು ಬಂತು. ಆ ಭಾಗದ ನ್ಯಾಯಾಲಯಗಳ ರೂಢಿ ವಿಚಿತ್ರವಾಗಿತ್ತು: ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ ದಾವೆ ಹಾಕಿದವರು ಗೆದ್ದರೆ ಖರ್ಚು ಸಲೀಸಾಗಿ ಸಿಗುತ್ತಿತ್ತು, ಪ್ರತಿವಾದಿ ಗೆದ್ದರೆ, ದಾವೆಯೇ ಹುರುಳಿಲ್ಲದ್ದು ಇಲ್ಲವೇ ದುರುದ್ದೇಶದ್ದು ಎಂದು ತೋರಿಸಬೇಕಿತ್ತು. ಫೋಗರ್ಟಿ ಅದನ್ನು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಒಯ್ದ. 1994ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದ ತೀರ್ಪಿನಲ್ಲಿ ಇಬ್ಬರಿಗೂ ಒಂದೇ ಅಳತೆ ಎಂದಾಯಿತು. ಕೊನೆಗೆ 13 ಲಕ್ಷ ಡಾಲರ್‌ಗೂ ಹೆಚ್ಚು ಅವನಿಗೆ ಕಟ್ಟಿಕೊಡಬೇಕಾಗಿ ಬಂತು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ‘ಫೋಗರ್ಟಿ ವರ್ಸಸ್ ಫ್ಯಾಂಟಸಿ’ಯನ್ನು ಇವತ್ತಿಗೂ ಓದುತ್ತಾರೆ. ರಾಕ್ ಹಾಡುಗಾರನ ಹೆಸರು ಕಾನೂನು ಪುಸ್ತಕ ಸೇರಿದ ಈ ಪ್ರಸಂಗ ಕೈಯಲ್ಲಿರುವಾಗ ನೀವು ವುಡ್‌ಸ್ಟಾಕ್ ಸಂಗೀತೋತ್ಸವದ ಕೆಸರಿನ ಮೇಲೆ ಎರಡು ಪುಟ ಸುರಿದಿದ್ದೀರಲ್ಲ, ಓದುವಾಗ ನನಗೆ ಹೊಟ್ಟೆ ಉರಿಯಿತು.

ಇನ್ನೊಂದು ಮಾತು ಸ್ವಲ್ಪ ಎಚ್ಚರದಿಂದ ಹೇಳಬೇಕು. ಜಾಂಟ್ಸ್ ಹೆಸರು ಬರುವ ಒಂದೇ ಕಡೆ ಅವನನ್ನು ‘ರಕ್ತ ಹೀರುವ ಜಿಗಣೆ’ ಎಂದಿದ್ದೀರಿ. ಫೋಗರ್ಟಿಗೂ ಹಾಗೇ ಅನ್ನಿಸಿತ್ತು. ‘ಸೆಂಟರ್‌ಫೀಲ್ಡ್’ನ ಕೊನೆಯ ಹಾಡಿನಲ್ಲಿ ಜೇಬುಗಳ್ಳ ಹಂದಿಯೊಂದಕ್ಕೆ ಜಾಂಟ್ಸ್ ಹೆಸರನ್ನೇ ಹೋಲುವ ಹೆಸರಿಟ್ಟಿದ್ದ, ಮಾನನಷ್ಟದ ದಾವೆ ಬಂದದ್ದೇ ‘ಜಾಂಜ್’ ಹೋಗಿ ‘ವಾಂಜ್’ ಆಯಿತು. ಆದರೆ ಅದು ಫೋಗರ್ಟಿಯ ಸಿಟ್ಟು, ಅವನಿಗೆ ಹಕ್ಕಿದೆ. ನೀವು ಅದನ್ನು ಸಾಲ ತಂದು ಬರೆದರೆ ಹೇಗೆ? ಅದೇ ಜಾಂಟ್ಸ್ ಚಿತ್ರ ನಿರ್ಮಾಪಕನಾಗಿ ಮೂರು ಸಲ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದವನು. ಸ್ವಂತ ಅಣ್ಣ ಟಾಮ್ ಜಗಳದಲ್ಲಿ ನಿಂತದ್ದು ತಮ್ಮನ ಪಕ್ಕದಲ್ಲಲ್ಲ, ಜಾಂಟ್ಸ್ ಪಕ್ಕದಲ್ಲಿ. ಯಾಕೆ ಅಂತ ನಿಮಗೆ ಕುತೂಹಲವೇ ಹುಟ್ಟಲಿಲ್ಲವೇ?

ನನಗೆ ಅನ್ನಿಸುವುದು, ನೀವು ಓದಿರುವುದು ಫೋಗರ್ಟಿ 2015ರಲ್ಲಿ ಬರೆದ ಆತ್ಮಕಥೆಯೊಂದನ್ನೇ. ಒಬ್ಬನ ಆತ್ಮಕಥೆ ಓದಿ ನಾಲ್ವರ ಕಥೆ ಬರೆಯಲು ಹೊರಟಿರಿ. ತಂಡದಲ್ಲಿ ಬರೆಯುವುದು, ಹಾಡುವುದು, ನಿರ್ಮಾಣ, ವ್ಯವಹಾರ ಎಲ್ಲವೂ ಜಾನ್ ಕೈಯಲ್ಲೇ ಇತ್ತು. ಉಳಿದವರು ತಮಗೂ ಮಾತು ಬೇಕೆಂದು ಕೇಳಿದರು. 1972ರ ‘ಮಾರ್ಡಿ ಗ್ರಾ’ ಆಲ್ಬಂನಲ್ಲಿ ಕುಕ್ ಮತ್ತು ಕ್ಲಿಫರ್ಡ್ ಕೂಡ ಬರೆದು ಹಾಡಿದರು. ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದರು. ಕೇಳಿದ್ದಕ್ಕೆ ಪಾಲು ಕೊಟ್ಟೆ, ನೋಡಿ ಏನಾಯಿತು ಎಂಬಂತೆ ಜಾನ್. ತಾವು ಮುಗ್ಗರಿಸಲಿ ಎಂದೇ ಕೈಬಿಟ್ಟ ಎಂಬಂತೆ ಅವರು. ನನ್ನ ಮಟ್ಟಿಗೆ ಹಾಡುಗಳು ಜಾನ್‌ನವೇ, ಅದರಲ್ಲಿ ಅನುಮಾನವಿಲ್ಲ. ಹಾಗಂತ ಹದಿಮೂರು ವರ್ಷ ಜೊತೆಗೆ ಬಾರಿಸಿದವರು ಬಾಡಿಗೆಯವರಾಗುವುದಿಲ್ಲ. ನಿಮ್ಮ ನಿಲುವು ಬೇರೆಯಿದ್ದರೆ ಹಾಗೆಯೇ ಬರೆಯಿರಿ, ಆದರೆ ಎರಡೂ ಕಡೆಯ ಮಾತನ್ನು ಕೇಳಿಸಿದ ಮೇಲೆ.

ಟಾಮ್‌ನ ಸಾವನ್ನು ‘ಅಕಾಲ ಮರಣ’ ಎಂಬ ಎರಡು ಪದದಲ್ಲಿ ಮುಗಿಸಿದ್ದೀರಿ. ಪರೀಕ್ಷಿಸದ ರಕ್ತ ಪಡೆದದ್ದರಿಂದ ಅವನಿಗೆ ಎಚ್‌ಐವಿ ತಗುಲಿತ್ತು. 1990ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ, ವಯಸ್ಸು 48. ಅಣ್ಣತಮ್ಮಂದಿರ ಮನಸ್ತಾಪ ಪೂರ್ತಿ ತಿಳಿಯಾಗಲೇ ಇಲ್ಲ. 1993ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ. ಮತ್ತೆ ಎಲ್ಲರೂ ಕೂಡಿ ನುಡಿಸುತ್ತಾರೆಂದುಕೊಂಡು ಟಾಮ್‌ನ ಹೆಂಡತಿ ಗಂಡನ ಚಿತಾಭಸ್ಮದ ಕುಡಿಕೆಯನ್ನೂ ತಂದಿದ್ದಳು. ಜಾನ್ ಒಪ್ಪಲಿಲ್ಲ. ಧ್ವನಿಮುದ್ರಿಕೆಗಳ ವಿಚಾರದಲ್ಲಿ ಗೆಳೆಯರು ತಮ್ಮ ಮತವನ್ನು ಜಾಂಟ್ಸ್‌ಗೆ ಒಪ್ಪಿಸಿಬಿಟ್ಟರು ಎಂಬುದು ಅವನ ದೂರಾಗಿತ್ತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ರಾಬಿ ರಾಬರ್ಟ್‌ಸನ್ ಜೊತೆ ವೇದಿಕೆಯ ಮೇಲೆ ಅವನು ಹಾಡಿದ. ಆ ಹಾಡುಗಳಿಗೆ ಬೇಸ್ ಮತ್ತು ಡ್ರಮ್ ನುಡಿಸಿದ್ದ ಇಬ್ಬರು ಕೆಳಗಿದ್ದರು. ಇದನ್ನು ಹೀಗೇ ಬರೆಯಿರಿ. ‘ಕರುಳು ಕಿತ್ತು ಬರುವ’ ಎಂಬ ವಿಶೇಷಣ ಜೋಡಿಸಿದರೆ ನಾನು ಹೊಡೆದು ಹಾಕುತ್ತೇನೆ.

ಕುಕ್ ಮತ್ತು ಕ್ಲಿಫರ್ಡ್ 1995ರಲ್ಲಿ ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವಿಸಿಟೆಡ್’ ಎಂದು ಹೊಸ ತಂಡ ಕಟ್ಟಿ ಹಳೆಯ ಹಾಡುಗಳನ್ನೇ ನುಡಿಸುತ್ತ ಊರೂರು ಸುತ್ತಿದರು. ಜಾನ್ ಹೆಸರಿಗಾಗಿ ಕೋರ್ಟಿಗೆ ಹೋದ, ಅವರು ಕೆಲಕಾಲ ಹೆಸರು ಬದಲಿಸಿಕೊಂಡರು, ಆಮೇಲೆ ಹಳೆಯ ಹೆಸರೇ ಮರಳಿತು. ಇದಕ್ಕೆ ಒಂದು ಪ್ಯಾರಾ ಸಾಕು.

ಜಾನ್ ಹಳೆಯ ಹಾಡುಗಳನ್ನು ವೇದಿಕೆಯ ಮೇಲೆ ಹಾಡುವುದನ್ನೇ ವರ್ಷಗಟ್ಟಲೆ ಬಿಟ್ಟಿದ್ದ. ಹಾಡಿದರೆ ದುಡ್ಡು ಜಾಂಟ್ಸ್‌ಗೆ ಹೋಗುತ್ತದೆ ಎಂಬ ಹಟ. 1987ರಲ್ಲಿ ಹಾಲಿವುಡ್ ಬಳಿಯ ಒಂದು ಕ್ಲಬ್ಬಿನಲ್ಲಿ ಬಾಬ್ ಡಿಲನ್, ನೀನು ನಿನ್ನದೇ ‘ಪ್ರೌಡ್ ಮೇರಿ’ ಹಾಡದಿದ್ದರೆ ಜನ ಅದನ್ನು ಟೀನಾ ಟರ್ನರ್ ಹಾಡೆಂದೇ ತಿಳಿಯುತ್ತಾರೆ ಎಂದು ಕಿಚಾಯಿಸಿದ ಮೇಲೆ ಆ ಹಟ ಸಡಿಲವಾಯಿತು. ಅದೇ ಜುಲೈನಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರಿಗಾಗಿ ನಡೆದ ಕಾರ್ಯಕ್ರಮದಲ್ಲಿ ಹಾಡಿದ. ಫ್ಯಾಂಟಸಿ 2004ರಲ್ಲಿ ಕಾನ್‌ಕಾರ್ಡ್ ಕಂಪನಿಯ ಪಾಲಾದಾಗ, ಅವನು ಹಿಂದೆ ಬಿಟ್ಟುಕೊಟ್ಟಿದ್ದ ರಾಯಲ್ಟಿಯನ್ನು ಹೊಸ ಮಾಲೀಕರು ಮತ್ತೆ ಕೊಡತೊಡಗಿದರು. 2023ರ ಜನವರಿಯಲ್ಲಿ, 77ನೇ ವಯಸ್ಸಿನಲ್ಲಿ, ತನ್ನ ಹಾಡುಗಳ ಪ್ರಕಾಶನ ಹಕ್ಕಿನ ಬಹುಪಾಲನ್ನು ಫೋಗರ್ಟಿ ದುಡ್ಡು ಕೊಟ್ಟು ಕೊಂಡುಕೊಂಡ. ‘ಕೊನೆಗೂ ಸತ್ಯಕ್ಕೆ ಜಯ’ ಎನ್ನುವ ಮೊದಲು ‘ದುಡ್ಡು ಕೊಟ್ಟು’ ಅನ್ನುವುದನ್ನು ಗಮನಿಸಿ.

ಆರಂಭ ಎಲ್ಲಿಂದ ಎಂದು ಕೇಳಿದ್ದಿರಿ. ಸಾಕ್ಷಿಕಟ್ಟೆಯ ಗಿಟಾರಿನಿಂದ ಶುರು ಮಾಡಿ, ಹಿಂದಕ್ಕೆ ಹೋಗಿ ಕರಾರು ತೋರಿಸಿ, ಮತ್ತೆ ಮುಂದೆ ಬನ್ನಿ. ಇನ್ನೂರು ಪದ ಹೆಚ್ಚಾದರೆ ಚಿಂತೆಯಿಲ್ಲ, ವಿಶೇಷಣ ಕಡಿಮೆ ಮಾಡಿ. ‘ಧ್ರುವತಾರೆ’ ನಾಲ್ಕು ಕಡೆ ಬಂದಿದೆ, ನಾಲ್ಕನ್ನೂ ತೆಗೆಯಿರಿ.

ಮೂರು ಹಾಡುಗಳನ್ನು ಪೂರ್ತಿ ಕನ್ನಡಕ್ಕೆ ತಂದು ಲಗತ್ತಿಸಿದ್ದೀರಿ. ಕೆಲವು ಸಾಲು ನಿಜಕ್ಕೂ ಸೊಗಸಾಗಿವೆ, ಹಾಡಿಕೊಳ್ಳಲೂ ಬರುತ್ತವೆ. ಆದರೆ ಹಕ್ಕುದಾರರ ಅನುಮತಿ ಇಲ್ಲದೆ ಅಚ್ಚು ಹಾಕಲಾಗದು, ಈ ಲೇಖನದ ಜೊತೆಗಂತೂ ಖಂಡಿತ ಆಗದು. ವುಡ್‌ಸ್ಟಾಕ್ ಫೋಟೊ ಕೂಡ ಬೇಡ, ಅದೂ ಯಾರದೋ ಸ್ವತ್ತೇ. ತಿದ್ದಿದ ಪ್ರತಿಯನ್ನು ಯೂನಿಕೋಡ್‌ನಲ್ಲೇ ಕಳಿಸಿ. ‘ನುಡಿ’ ತಂತ್ರಾಂಶದಲ್ಲಿ ಬಂದರೆ ಇಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.

ಇಂತಿ,
ಸಂಪಾದಕ